ಮಾವನಿಗೊಂದು ಮದುವೆ ಹೇಳಿಕೆ

ನನ್ನ ಗಂಡನಿಗೆ ಇಂಗ್ಲಿಷಿನ ಯಾವ ಎರಡು ಶಬ್ದ ಕೊಟ್ಟರೂ ಸರಿ, ಅವುಗಳ ನಡುವಿನ ವ್ಯತ್ಯಾಸ ಹೇಳುತ್ತಾರೆ. ಹಿಯರ್ ಬೇರೆಯಂತೆ, ಲಿಸನ್ ಬೇರೆಯಂತೆ. ಹೌಸ್ ಬೇರೆಯಂತೆ, ಹೋಮ್ ಬೇರೆಯಂತೆ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ತಲೆ ನರೆಯುವವರೆಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಇನ್ನಾದರೂ ಸುಮ್ಮನಿರಬಹುದಿತ್ತು. ಇಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ‘ಇಂದಿನ ಜೋಡಿ’ ಎಂದು ಎರಡು ಶಬ್ದ ಹಾಕಬೇಕು, ಅವರು ಕೈಮುಗಿಯುವ ಚಿತ್ರ ಕಳುಹಿಸಬೇಕು, ಅದನ್ನು ಇವರು ಅಡುಗೆಮನೆಗೆ ತಂದು ನನಗೆ ತೋರಿಸಬೇಕು. ನಾನು ಬಿ.ಸಿ.ರೋಡಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು. ಒಲೆಯ ಮೇಲೆ ಗಂಜಿ ಉಕ್ಕುತ್ತಿರುವಾಗ ನನಗೆ ಹಿಯರ್ ಆದರೂ ಒಂದೇ, ಲಿಸನ್ ಆದರೂ ಒಂದೇ.

ಇಷ್ಟೆಲ್ಲ ವ್ಯತ್ಯಾಸ ಗೊತ್ತಿದ್ದ ಈ ಜಯಕರ ಮಾಸ್ಟ್ರು ನಮ್ಮ ಒಬ್ಬಳೇ ಮಗಳ ಮದುವೆಯ ಕಾಗದವನ್ನು ನನ್ನ ಒಬ್ಬನೇ ಅಣ್ಣನಿಗೆ ಮೊಬೈಲಿನಲ್ಲಿ ಕಳುಹಿಸಿಬಿಟ್ಟರು. ಹಳೆಯ ವಿದ್ಯಾರ್ಥಿಗಳಿಗೆ ಕಳುಹಿಸಿದ ಹಾಗೆಯೇ, ಅದೇ ಹೊತ್ತಿಗೆ, ಅದೇ ಬೆರಳಿನಿಂದ.

ಅಣ್ಣ ಭೋಜ ನಾರಾವಿಯಲ್ಲಿ ಬಸ್ಸು ನಿಲ್ಲುವ ಕಡೆ ಹೋಟೆಲು ನಡೆಸುತ್ತಾನೆ. ಕಾಗದ ಹೋದ ದಿನದಿಂದ ಅವನು ನನ್ನ ಫೋನು ಎತ್ತಲಿಲ್ಲ. ಗಿರಾಕಿ ಜಾಸ್ತಿ ಇರಬಹುದು ಎಂದುಕೊಂಡೆ. ಮಧ್ಯಾಹ್ನ ಮಾಡಿದೆ, ಸಂಜೆ ಮಾಡಿದೆ, ಮರುದಿನವೂ ಮಾಡಿದೆ. ಕೊನೆಗೆ ಅತ್ತಿಗೆ ಕುಸುಮ ಎತ್ತಿದರು. ಹಿಂದೆ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

“ಅವರಿಗೆ ತುಂಬ ಬೇಜಾರಾಗಿದೆ ಸರಸ,” ಎಂದರು ಮೆಲ್ಲಗೆ.

“ಎಂತ ಬೇಜಾರು? ಹೇಳಿದರೆ ಅಲ್ವಾ ಗೊತ್ತಾಗುವುದು?”

“ಕೇಳಿದರೆ ಸರಿಯಾಗಿ ಹೇಳುವುದಿಲ್ಲ. ‘ನಮ್ಮನ್ನು ಯಾರು ಲೆಕ್ಕಕ್ಕೆ ಹಿಡೀತಾರೆ’ ಅಂತ ಅದೊಂದೇ ಮಾತು. ಮದುವೆಗೆ ಹೋಗುವುದಿಲ್ಲ ಅಂತ ಕೂತಿದ್ದಾರೆ.”

ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ತರುವವನು ಸೋದರಮಾವ. ಅಣ್ಣ ಬಾರದಿದ್ದರೆ ಆ ಕೈ ಯಾರದು? ಮದುವೆಗೆ ತಿಂಗಳು ಕೂಡ ಉಳಿದಿರಲಿಲ್ಲ. ಬಂಟ್ವಾಳದಲ್ಲಿ ಹಾಲ್ ಗೊತ್ತುಮಾಡಿ ಆಗಿತ್ತು, ಹುಡುಗನ ಕಡೆಯವರು ಬೆಳ್ತಂಗಡಿಯಿಂದ ಬಸ್ಸು ಮಾಡಿ ಆಗಿತ್ತು.

ಅದಕ್ಕಿಂತ ದೊಡ್ಡದು ತೃಷಾಳ ವಿಷಯ. ಅವಳು ಸಣ್ಣವಳಿರುವಾಗ ನನಗೆ ಬೆನ್ನಿನ ಆಪರೇಷನ್ ಆಗಿ ಎದ್ದು ಓಡಾಡಲು ಆಗದೆ ಬಹಳ ಕಾಲ ಮಲಗಿದ್ದೆ. ಆಗ ಅವಳನ್ನು ಸಾಕಿದ್ದು ನಾರಾವಿಯ ಮನೆ. ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ಹೋಟೆಲಿನ ಗಲ್ಲೆಯ ಮೇಜಿನ ಮೇಲೆ ಅವಳನ್ನು ಕೂರಿಸಿಕೊಂಡು ಅಣ್ಣ ಬಂದವರಿಗೆಲ್ಲ ‘ಇವಳು ನಮ್ಮ ಮ್ಯಾನೇಜರ್’ ಎನ್ನುತ್ತಿದ್ದ. ಅವಳ ಜಡೆಯನ್ನು ಕೂಡ ಅವನೇ ಹೆಣೆದದ್ದುಂಟು, ಓರೆಕೋರೆಯಾಗಿ. ನಾನು ಫೋನು ಇಟ್ಟು ವಿಷಯ ಹೇಳಿದಾಗ ತೃಷಾ ಅಳಲಿಲ್ಲ, ಕೂಗಾಡಲಿಲ್ಲ. ಸೀರೆಗೆ ಕುಚ್ಚು ಕಟ್ಟುತ್ತಾ ಇದ್ದವಳು ಅದನ್ನು ಬದಿಗಿಟ್ಟಳು.

“ಮಾವ ಕೈ ಹಿಡಿಯದಿದ್ದರೆ ನಾನು ಆ ಕೋಣೆಯಿಂದ ಹೊರಗೆ ಬರುವುದಿಲ್ಲ ಅಮ್ಮ. ನೀವಿಬ್ಬರು ಏನು ಬೇಕಾದರೂ ಮಾಡಿ,” ಎಂದಳು.

ಅವಳು ಹೇಳಿದರೆ ಹೇಳಿದ ಹಾಗೆಯೇ. ಆ ಹಟ ನಾರಾವಿಯದ್ದು, ನನಗೆ ಗೊತ್ತು.

ನಾನು ಹೊರಗೆ ಬಂದು ಜಗುಲಿಯಲ್ಲಿದ್ದ ಗಂಡನನ್ನು ಹಿಡಿದುಕೊಂಡೆ. ಅವರು ತಮ್ಮ ತಪ್ಪೇ ಇಲ್ಲ ಎನ್ನುವ ಹಾಗೆ ಕನ್ನಡಕ ಒರೆಸುತ್ತಿದ್ದರು.

“ನೋಡು ಸರಸ, ಇನ್ಫಾರ್ಮ್ ಬೇರೆ, ಇನ್ವೈಟ್ ಬೇರೆ. ಇಂಥ ದಿನ ಮದುವೆ ಉಂಟು ಅಂತ ತಿಳಿಸಿದರೆ ಅದು ಇನ್ಫಾರ್ಮ್. ದಯವಿಟ್ಟು ಬನ್ನಿ ಅಂತ ಕರೆದರೆ ಅದು ಇನ್ವೈಟ್. ನಾನು ಕಳುಹಿಸಿದ ಕಾರ್ಡಿನಲ್ಲಿ ಇನ್ವೈಟ್ ಅಂತಲೇ ಉಂಟು. ಹಾಗಾಗಿ ನಾನು ನಿನ್ನ ಅಣ್ಣನನ್ನು ಕರೆದಾಗಿದೆ.”

“ಮೊಬೈಲಿನಲ್ಲಿ ಟುಂಯ್ ಅಂತ ಬಂದದ್ದು ಹೇಳಿಕೆ ಆಗ್ತದಾ? ಮನೆಗೆ ಹೋಗಬೇಕು, ಚಾವಡಿಯಲ್ಲಿ ಕೂರಬೇಕು, ಬಾಯಿಬಿಟ್ಟು ಕರೀಬೇಕು. ಅದು ಮದುವೆ ಹೇಳಿಕೆ. ಉಳಿದದ್ದು ಎಂತದ್ದೂ ಅಲ್ಲ.”

“ಅದು ವಿಧಾನದ ಪ್ರಶ್ನೆ. ನಾನು ಹೇಳ್ತಾ ಇರುವುದು ಅರ್ಥದ ಬಗ್ಗೆ.”

“ನಿಮ್ಮ ಅರ್ಥಕ್ಕೆ ಬೆಂಕಿ ಬಿತ್ತು!” ಎಂದೆ. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು. ಇಣುಕಲಿ.

ಆ ಕಾರ್ಡಿನ ಕಥೆ ಹೇಳಿದರೆ ಈಗಲೂ ನನ್ನ ಮಂಡೆ ಬಿಸಿಯಾಗುತ್ತದೆ. ಅಕ್ಷರ ಅವರದ್ದು, ಬಣ್ಣ ನನ್ನದು ಎಂದು ಮೊದಲೇ ಹಂಚಿಕೊಂಡಿದ್ದೆವು. ನಾನು ಅಂಗಡಿಯಲ್ಲಿ ಹೊಲಿಗೆಯ ನಡುವೆಯೇ ಕೆಂಪಂಚಿನ ಕೆನೆಬಣ್ಣ ಆರಿಸಿ ಕೈತೊಳೆದುಕೊಂಡೆ. ಇವರು ವೆಡ್ಡಿಂಗ್ ಎನ್ನಬೇಕೋ ಮ್ಯಾರೇಜ್ ಎನ್ನಬೇಕೋ ಎಂದು ವಾರಗಟ್ಟಲೆ ಕೂತರು. ವೆಡ್ಡಿಂಗ್ ಎಂದರೆ ಆ ಒಂದು ದಿನದ ಸಮಾರಂಭ, ಮ್ಯಾರೇಜ್ ಎಂದರೆ ಆಮೇಲಿನ ಬದುಕು, ಜನರನ್ನು ಬದುಕಿಗೆ ಕರೆಯಲಾಗುವುದಿಲ್ಲ, ಊಟಕ್ಕೆ ಮಾತ್ರ ಕರೆಯಬಹುದು, ಆದ್ದರಿಂದ ವೆಡ್ಡಿಂಗ್. ಪ್ರೆಸ್ಸಿನ ಹುಡುಗ ಬೇಸತ್ತು ಫೋನು ಆಫ್ ಮಾಡಿ ಇಟ್ಟಿದ್ದನಂತೆ. ಕೊನೆಗೆ ಅಚ್ಚಾಗಿ ಬಂದಾಗ ಇವರ ಹೆಸರಿತ್ತು, ನನ್ನ ಹೆಸರಿತ್ತು, ಮದುಮಕ್ಕಳ ಹೆಸರಿತ್ತು. ಇಂಗ್ಲಿಷು ನಿಜಕ್ಕೂ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು.

ಮರುದಿನವೇ ನಾರಾವಿಗೆ ಹೊರಟೆವು. ಬಿ.ಸಿ.ರೋಡಿನಿಂದ ಸಿದ್ದಕಟ್ಟೆಯ ಮೇಲಾಗಿ ಮೂಡುಬಿದಿರೆಗೆ ಹೋಗುವ ಬಸ್ಸು. ಏಪ್ರಿಲ್ ತಿಂಗಳ ಬಿಸಿಲು, ಸೀಟು ಕಾದು ಕಾವಲಿಯಾಗಿತ್ತು. ನನ್ನ ಚೀಲದಲ್ಲಿ ಇನ್ನೊಂದಷ್ಟು ಕಾರ್ಡುಗಳ ಕಟ್ಟು ಇತ್ತು. ನಾರಾವಿಯ ಸುತ್ತಮುತ್ತ ನಮ್ಮ ಕುಟುಂಬದ ಮನೆಗಳು ಬಹಳ. ಅಣ್ಣನಿಗೆ ಹೇಳಿಕೆ ಕೊಟ್ಟು, ಅವನ ಸಿಟ್ಟು ಇಳಿದ ಮೇಲೆ, ಅದೇ ದಿನ ಉಳಿದ ಮನೆಗಳನ್ನೂ ಮುಗಿಸಿ ಬರುವ ಎಂದು ನನ್ನ ಲೆಕ್ಕಾಚಾರ.

“ಅಲ್ಲಿ ಹೋಗಿ ತಪ್ಪಾಯ್ತು ಅಂತ ಹೇಳಿ. ಅಷ್ಟೇ ಸಾಕು,” ಎಂದು ದಾರಿಯಲ್ಲಿ ಗಂಡನಿಗೆ ಹೇಳಿಕೊಟ್ಟೆ.

“ತಪ್ಪು ಅಂದರೆ ಯಾವುದು? ಮಿಸ್ಟೇಕಾ, ಫಾಲ್ಟಾ? ಮಿಸ್ಟೇಕ್ ಗೊತ್ತಿಲ್ಲದೆ ಆಗುವುದು. ಫಾಲ್ಟ್ ಅಂದರೆ ಹೊಣೆ ನನ್ನ ಮೇಲೆ ಬರ್ತದೆ.”

“ಎರಡೂ ನಿಮ್ಮದೇ. ಹೊತ್ತುಕೊಳ್ಳಿ.”

“ರಿಗ್ರೆಟ್ ಮಾಡ್ತೇನೆ. ಅಪಾಲಜೈಸ್ ಮಾಡುವಂಥದ್ದು ಏನೂ ಆಗಿಲ್ಲ.”

ಬಸ್ಸಿನಿಂದ ಹಾರಿಬಿಡುವ ಎನಿಸಿತು. ಅಷ್ಟರಲ್ಲಿ ಕಂಡಕ್ಟರ್ ಟಿಕೆಟು ಕೊಡಲು ಬಂದವನು, “ಓ, ಮಾಸ್ಟ್ರು! ನಿನ್ನೆಯ ಜೋಡಿ ಗಮ್ಮತ್ತಿತ್ತು ಸರ್. ಅಲೋನ್ ಬೇರೆ, ಲೋನ್ಲಿ ಬೇರೆ ಅಂತ ನನಗೆ ಗೊತ್ತೇ ಇರಲಿಲ್ಲ,” ಎಂದು ಹಲ್ಲು ಕಿರಿದ. ಇವರ ಮುಖ ಊರಗಲ ಆಯಿತು. ಸಿದ್ದಕಟ್ಟೆ ದಾಟುವವರೆಗೆ ಅವನಿಗೆ ಇನ್ನೂ ಎರಡು ಜೋಡಿ ಬಿಡಿಸಿ ಹೇಳಿದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ನನ್ನ ಮಗಳ ಮದುವೆ ನಿಂತುಹೋಗುವ ಹೊತ್ತಿಗೆ ಇವರಿಗೆ ಶಿಷ್ಯ ಸಿಕ್ಕಿದ್ದ.

ಮೂಡುಬಿದಿರೆಯಲ್ಲಿ ಇಳಿದು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಒಂದು ಹೊಸ ಹರಿವಾಣ ತೆಗೆದುಕೊಂಡೆವು. ಈ ಸಲ ಯಾವುದಕ್ಕೂ ಕಡಿಮೆ ಆಗಬಾರದು ಎಂದು ನಾನೇ ನಿಂತು ಆರಿಸಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಾರಾವಿಗೆ ಬಂದಾಗ ಹೊಟ್ಟೆಯಲ್ಲಿ ಹಸಿವೆಯೂ ಇತ್ತು, ಹೆದರಿಕೆಯೂ ಇತ್ತು.

ಅಣ್ಣ ಗಲ್ಲೆಯಲ್ಲಿ ಕೂತಿದ್ದ. ನಮ್ಮನ್ನು ಕಂಡು ಎದ್ದ. “ಬನ್ನಿ ಮಾಸ್ಟ್ರೇ,” ಎಂದು ಇವರಿಗೆ ಹೇಳಿದ, ನನಗೆ ಏನೂ ಹೇಳಲಿಲ್ಲ. ಹೋಟೆಲಿನ ಹಿಂದೆಯೇ ಮನೆ. ಅತ್ತಿಗೆ ಬೆಲ್ಲ ನೀರು ತಂದಿಟ್ಟು ನನ್ನ ಭುಜ ಮುಟ್ಟಿ ಹೋದರು. ಅಣ್ಣ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತು ಬಿಸಿಲಿನ ಮಾತಾಡಿದ, ಬಸ್ಸಿನ ಮಾತಾಡಿದ, ಬ್ಯಾಂಕಿನವರು ಸೌಹಾರ್ದದಿಂದ ಮಾತಾಡುವ ಹಾಗೆ. ನಮ್ಮ ಅಣ್ಣ ನನ್ನ ಹತ್ತಿರ ಹಾಗೆ ಮಾತಾಡಿದವನೇ ಅಲ್ಲ. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

ನಾನು ಗಂಡನನ್ನು ತಿವಿದೆ. ಅವರು ಎದ್ದು, ಹರಿವಾಣದಲ್ಲಿ ಎಲೆ ಅಡಿಕೆ ಕಾಯಿ ಇಟ್ಟು, ಮೇಲೆ ಒಂದು ಕಾರ್ಡಿಟ್ಟು, ಎರಡೂ ಕೈಯಲ್ಲಿ ಹಿಡಿದರು.

“ಬಾವ, ನಮ್ಮ ತೃಷಾಳ ಮದುವೆ. ನೀವು ಮನೆಯವರೆಲ್ಲ ಸೇರಿ ಬಂದು ನಡೆಸಿಕೊಡಬೇಕು,” ಎಂದರು.

ಒಂದು ಇಂಗ್ಲಿಷು ಶಬ್ದ ಇಲ್ಲ. ಧ್ವನಿಯಲ್ಲಿ ಬಿಗು ಇಲ್ಲ. ನನಗೆ ಆ ಗಳಿಗೆಯಲ್ಲಿ ಗಂಡನ ಮೇಲೆ ಪ್ರೀತಿ ಬಂತು, ಸುಳ್ಳು ಯಾಕೆ ಹೇಳಲಿ.

ಅಣ್ಣ ಕೈ ಚಾಚಲಿಲ್ಲ. ಹರಿವಾಣವನ್ನೇ ನೋಡಿದ.

“ಇದು ನನಗಾ ಮಾಸ್ಟ್ರೇ?”

“ನಿಮಗೇ ಬಾವ. ವಾಟ್ಸಾಪಿನಲ್ಲಿ ಹಾಕಿದ್ದು ಸರಿಯಾಗಲಿಲ್ಲ. ಅದಕ್ಕೇ ನಾವೇ ಬಂದದ್ದು.”

“ವಾಟ್ಸಾಪಿನಲ್ಲಿ ಹಾಕಿದ್ದಕ್ಕೆ ನನಗೆ ಎಂತ ಬೇಜಾರು? ಈಗ ಎಲ್ಲರೂ ಹಾಗೆಯೇ ಹಾಕುವುದು. ಮನೆಯವನಿಗೇ ಹೇಳಿಕೆ ಕೊಡುವುದು ಯಾವ ಊರಿನ ಕ್ರಮ, ಅದು ಹೇಳಿ.”

ಅಣ್ಣ ನನ್ನ ಕಡೆ ತಿರುಗಿದ. ಈಗ ಅವನ ಮುಖ ಕೆಂಪಗಾಗಿತ್ತು.

“ನಿನ್ನ ಮದುವೆಯ ಕಾಗದ ಯಾರ ಹೆಸರಿನಲ್ಲಿ ಹೋದದ್ದು ಗೊತ್ತುಂಟಾ ನಿನಗೆ?”

ನನಗೆ ಗೊತ್ತಿರಲಿಲ್ಲ. ಮದುಮಗಳಾಗಿ ನಾನು ಸೀರೆ, ಬಳೆ, ಮಲ್ಲಿಗೆಯ ಲೋಕದಲ್ಲಿದ್ದೆ. ಕಾಗದ ತನ್ನಷ್ಟಕ್ಕೆ ಅಚ್ಚಾಗಿ, ತನ್ನಷ್ಟಕ್ಕೆ ಹಂಚಿಹೋಗುತ್ತದೆ ಎಂದುಕೊಂಡಿದ್ದೆ.

“ಕೂಸಪ್ಪ ಮಾವನ ಹೆಸರಿನಲ್ಲಿ,” ಎಂದ ಅಣ್ಣ. “ಅಮ್ಮನ ಅಣ್ಣ. ಕಾಗದದ ಕಟ್ಟು ಹಿಡಿದುಕೊಂಡು ಈ ಸುತ್ತಿನ ಮನೆ ಮನೆ ಹತ್ತಿ ಇಳಿದವರು ಅವರು. ಅಪ್ಪ ಹಿಂದಿನಿಂದ ಕೊಡೆ ಹಿಡಿದುಕೊಂಡು ಹೋದದ್ದು. ನಾನೂ ಜೊತೆಗೆ ಹೋಗಿದ್ದೆ. ನಮ್ಮ ಮನೆತನದಲ್ಲಿ ಹಾಗೆಯೇ. ಹುಡುಗಿ ತಾಯಿಯ ಮನೆಯವಳು. ಅವಳ ಮದುವೆಗೆ ಜನ ಕರೆಯುವವನು ಮಾವ. ಅಮ್ಮ ಹೋದ ಮೇಲೆ ಇದನ್ನೆಲ್ಲ ನಿನಗೆ ನೆನಪು ಮಾಡುವವರು ಯಾರೂ ಇಲ್ಲ, ಅದು ಸರಿ. ಆದರೆ ಒಂದು ಸಲ ಕೇಳಲಿಕ್ಕೆ ಆಗಲಿಲ್ಲವಾ ನಿನಗೆ? ಅಣ್ಣ, ಕಾಗದ ಮಾಡಿಸುವ, ಹೇಗೆ ಬರೆಯುವುದು ಅಂತ?”

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಕಾಗದದ ಕಟ್ಟು ಬರ್ತದೆ ಅಂತ ಕಾಯ್ತಾ ಇದ್ರು ಸರಸ. ಮನೆ ಮನೆಗೆ ಹೋಗುವಾಗ ಹೋಟೆಲು ನೋಡಿಕೊಳ್ಳಲಿಕ್ಕೆ ಜನ ಕೂಡ ಮಾಡಿ ಇಟ್ಟಿದ್ರು. ಹೊಸ ಪಂಚೆ ತೆಗೆದಿದ್ರು.”

“ಕಟ್ಟು ಬರ್ಲಿಲ್ಲ,” ಎಂದ ಅಣ್ಣ. “ಫೋನಿನಲ್ಲಿ ಒಂದು ಬಂತು. ಈಗ ತೆಂಗಿನಕಾಯಿಯ ಜೊತೆ ಇನ್ನೊಂದು.”

ಆಗ ನನ್ನ ಗಂಡನ ಮುಖ ಅರಳಿತು. ಹೌದು, ಅರಳಿತು! ಒಂದು ಒಳ್ಳೆಯ ಜೋಡಿ ಸಿಕ್ಕಾಗ ಅವರ ಮುಖ ಹೇಗೆ ಬೆಳಗುತ್ತದೆ ಎಂದು ನನಗಲ್ಲದೆ ಯಾರಿಗೆ ಗೊತ್ತು?

“ಹೋಸ್ಟ್ ಮತ್ತು ಗೆಸ್ಟ್!” ಎಂದರು. “ಎಷ್ಟು ಸ್ಪಷ್ಟ ಉಂಟು ನೋಡಿ ಬಾವ. ಹೋಸ್ಟ್ ಕರೆಯುವವನು, ಗೆಸ್ಟ್ ಕರೆಸಿಕೊಳ್ಳುವವನು. ನಾವು ಹೋಸ್ಟನ್ನೇ ಹಿಡಿದು ಗೆಸ್ಟ್ ಮಾಡಿಬಿಟ್ಟೆವು. ನಾನು ಇನ್ಫಾರ್ಮ್, ಇನ್ವೈಟ್ ಅಂತ ತಪ್ಪು ಜೋಡಿಯಲ್ಲಿ ಹುಡುಕ್ತಾ ಇದ್ದೆ!”

ಹರಿವಾಣದ ತೆಂಗಿನಕಾಯಿ ತೆಗೆದು ಅವರ ತಲೆಗೆ ಒಡೆಯುವಷ್ಟು ಕೋಪ ಬಂತು ನನಗೆ. ಅಷ್ಟರಲ್ಲಿ ಅಣ್ಣನ ಕಣ್ಣು ನನ್ನ ಚೀಲದ ಮೇಲೆ ಹೋಯಿತು. ಕೆಂಪಂಚಿನ ಕಟ್ಟು ಮೇಲಕ್ಕೆ ಇಣುಕುತ್ತಿತ್ತು.

“ಚೀಲದಲ್ಲಿ ಎಂತ ಅದು?”

“ಇಲ್ಲಿಯ ಮನೆಗಳಿಗೆ ಕೊಡುವ ಅಂತ...” ಎಂದೆ. ಹೇಳುತ್ತಿದ್ದಂತೆಯೇ ನನಗೆ ನಾಚಿಕೆಯಾಯಿತು.

“ಸರಿ. ನನ್ನ ಬಾಗಿಲು ದಾಟಿ ಹೋಗಿ ನನ್ನ ಊರಿನವರನ್ನು ನೀವೇ ಕರೆಯುವ ಅಂತ.”

ಅವನು ಎದ್ದು ನಿಂತು, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು, ಈಗ ಎರಡೂ ಕೈ ಚಾಚಿ ನನ್ನ ಗಂಡನ ಕೈಯಿಂದ ಹರಿವಾಣ ತೆಗೆದುಕೊಂಡ. ಬಹಳ ಮರ್ಯಾದೆಯಿಂದ ತೆಗೆದುಕೊಂಡ.

“ಬರ್ತೇನೆ ಮಾಸ್ಟ್ರೇ. ಕರೆದಿದ್ದೀರಿ, ಬರ್ತೇನೆ. ನೆಂಟ ಬಂದ ಹಾಗೆ ಬಂದು ಅಕ್ಷತೆ ಹಾಕಿ, ಊಟ ಮಾಡಿ, ಬಸ್ಸು ಹತ್ತುತ್ತೇನೆ. ಹುಡುಗಿಯನ್ನು ಕೈಹಿಡಿದು ತರಲಿಕ್ಕೆ ಮಾತ್ರ ಬೇರೆ ಯಾರನ್ನಾದರೂ ನೋಡಿ.”

ಬರುವುದಿಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. ಬರುತ್ತೇನೆ ಎಂದವನ ಹತ್ತಿರ ಎಂತ ಜಗಳವಾಡುವುದು? ನನ್ನ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು.

“ಸಾಕು ನಿಮ್ಮಿಬ್ಬರದ್ದೂ!” ಎಂದು ಕಿರಿಚಿದೆ. ಹೋಟೆಲಿನಲ್ಲಿ ಬನ್ಸು ತಿನ್ನುತ್ತಿದ್ದವರಿಗೂ ಕೇಳಿಸಿರಬೇಕು. “ನಿಮಗೆ ನಿಮ್ಮ ಶಬ್ದ ದೊಡ್ಡದು, ಇವನಿಗೆ ಇವನ ಮರ್ಯಾದೆ ದೊಡ್ಡದು. ನನ್ನ ಮಗಳು ಅಲ್ಲಿ ಕುಚ್ಚು ಕಟ್ಟುವುದು ಬಿಟ್ಟು ಗೋಡೆ ನೋಡಿಕೊಂಡು ಕೂತಿದ್ದಾಳೆ, ಅದು ಯಾರಿಗಾದರೂ ಕಾಣ್ತದಾ? ಅಣ್ಣ, ನಾವು ಕೇಳಲಿಲ್ಲ, ಹೌದು. ನೀನು ಕಾದು ಕೂತದ್ದು ಯಾಕೆ? ಒಂದು ಫೋನು ಮಾಡಿ ‘ಎಲ್ಲಿ ಮಾರಾಯ್ತಿ ನನ್ನ ಕಟ್ಟು’ ಅಂತ ಬಯ್ಯಲಿಕ್ಕೆ ನಿನಗೆ ಬಾಯಿ ಇರಲಿಲ್ಲವಾ? ಅವಳಿಗೆ ಜಡೆ ಹಾಕುವಾಗ ಯಾರ ಹೆಸರಿನಲ್ಲಿ ಹಾಕಿದೆ ನೀನು?”

ಚೀಲದಿಂದ ಕಾರ್ಡಿನ ಕಟ್ಟು ಎಳೆದು ಬೆಂಚಿನ ಮೇಲೆ ಹಾಕಿದೆ. “ನಾನು ಯಾರ ಮನೆಗೂ ಹೋಗುವುದಿಲ್ಲ. ನೀನು ಹೋಗುವುದಾದರೆ ಹೋಗು. ಇಲ್ಲವಾ, ಹೋಟೆಲಿನ ಒಲೆಗೆ ಹಾಕು. ಏಳಿ ನೀವು!” ಎಂದು ಗಂಡನಿಗೆ ಹೇಳಿ ಹೊರಟೆ. ಅತ್ತಿಗೆ ಊಟಕ್ಕೆ ನಿಲ್ಲಿ ಎಂದು ಬಸ್ಸಿನವರೆಗೂ ಹಿಂದಿನಿಂದ ಬಂದರು. ನಾನು ನಿಲ್ಲಲಿಲ್ಲ. 

ಆಮೇಲಿನ ದಿನಗಳು ನನ್ನ ವೈರಿಗೂ ಬೇಡ. ನಾರಾವಿಯಿಂದ ಸುದ್ದಿಯಿಲ್ಲ. ನಾನು ಫೋನು ಮಾಡಲಿಲ್ಲ, ಅವರೂ ಮಾಡಲಿಲ್ಲ. ತೃಷಾಳಿಗೆ ಮಾವನ ಮೇಲೆ ಕೋಪವಿಲ್ಲ, ಕೋಪವೆಲ್ಲ ನಮ್ಮ ಮೇಲೆ. ಅವಳ ಧಾರೆಯ ಬ್ಲೌಸನ್ನು ನಾನೇ ಹೊಲಿದಿದ್ದೆ, ತೋಳು ಸರಿಯಾಯಿತಾ ಎಂದು ನೋಡಲು ಕರೆದರೆ ‘ಆಮೇಲೆ’ ಎನ್ನುತ್ತಿದ್ದಳು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಮದುವೆಯ ತಯಾರಿ ಎಲ್ಲಿಗೆ ಬಂತು ಎಂದು ಕೇಳುವವರೇ. ನಗುನಗುತ್ತ ಉತ್ತರ ಕೊಟ್ಟು ಕೊಟ್ಟು ನನ್ನ ದವಡೆ ನೋಯತೊಡಗಿತು. ಒಬ್ಬಳ ಬ್ಲೌಸಿನ ಕುತ್ತಿಗೆ ತಪ್ಪು ಕತ್ತರಿಸಿ ಬಯ್ಸಿಕೊಂಡದ್ದೂ ಆಯಿತು.

ಇತ್ತ ನನ್ನ ಗಂಡ ‘ಇಂದಿನ ಜೋಡಿ’ ಹಾಕುವುದು ನಿಲ್ಲಿಸಿದರು. ಮಾತಾಡಿದರೆ ಒಂದು ಉಪದ್ರ, ಮಾತಾಡದಿದ್ದರೆ ಇನ್ನೊಂದು. ‘ಮಾಸ್ಟ್ರಿಗೆ ಹುಷಾರಿಲ್ಲವಾ’ ಎಂದು ಶಿಷ್ಯರೆಲ್ಲ ನನ್ನ ಫೋನಿಗೆ ಮೆಸೇಜು. ಕಾರ್ಡನ್ನು ಬೇರೆ ಮಾಡಿಸುವಾ, ಬಾವನ ಹೆಸರು ಮೇಲೆ ಹಾಕಿ, ಎಂದು ಒಮ್ಮೆ ಕೇಳಿದರು. ಊರಿನ ಅರ್ಧ ಜನಕ್ಕೆ ಹಳೆಯದು ಹೋಗಿಯಾದ ಮೇಲೆ ಹೊಸದನ್ನು ಯಾರಿಗೆ ಕೊಡುವುದು ಎಂದು ನಾನು ರೇಗಿದೆ. 

ಒಂದು ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಬಂದು ಹತ್ತಿರ ಕೂತರು.

“ಸರಸ, ಅವಳು ತಾಯಿಯ ಮನೆಯವಳು, ಕರೆಯುವವನು ಮಾವ. ಅದು ನಿಮ್ಮ ಕ್ರಮ, ಒಪ್ಪಿದೆ. ಹಾಗಾದರೆ ನಾನು ಯಾರು?”

ಮಗು ಹುಟ್ಟಿದಾಗ ಆಸ್ಪತ್ರೆಯ ಹೊರಗೆ ನಿಂತು ಅತ್ತವರು ಅವರು. ಫೀಸು ಕಟ್ಟಲು ಟ್ಯೂಶನ್ ಹೇಳಿದವರು ಅವರು. ಹುಡುಗಿ ತಾಯಿಯ ಮನೆಯವಳು ಎಂದು ಅಣ್ಣ ಹೇಳಿದ ಮಾತು ಅವರಿಗೆ ಎಷ್ಟು ನಾಟಿತ್ತು ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಎಲ್ಲರ ಮೇಲೂ ಕೋಪ ಮಾಡಿಕೊಂಡು ಮಾಡಿಕೊಂಡು ನನಗೆ ಸುಸ್ತಾಗಿತ್ತು. “ಗೊತ್ತಿಲ್ಲ ಮಾರಾಯ್ರೆ, ಊಟಕ್ಕೆ ಏಳಿ,” ಎಂದೆ.

ಮದುವೆಗೆ ಇನ್ನು ಒಂದು ವಾರ ಇರುವಾಗ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಗೇಟಿನ ಸದ್ದಾಯಿತು. ನೋಡಿದರೆ ಅಣ್ಣ, ಹಿಂದೆ ಅತ್ತಿಗೆ. ಅಣ್ಣನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಬಂದವನೇ ಕುರ್ಚಿಯಲ್ಲಿ ಕುಸಿದು ಕೂತ. ನಾನು ಏನೂ ಮಾತಾಡದೆ ಬೆಲ್ಲ ನೀರು ತಂದಿಟ್ಟೆ. ನನಗೂ ಹಟ ಉಂಟಲ್ಲ.

“ಎಲ್ಲ ಮನೆ ಮುಗೀತು ಸರಸ,” ಎಂದರು ಅತ್ತಿಗೆ, ಉಸಿರು ಬಿಡುತ್ತ. “ಈ ಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿದು ಇವರ ಕಾಲು ನೋಡು, ಹೇಗೆ ಬೀಗಿದೆ. ರಿಕ್ಷಾ ಮಾಡುವ ಅಂದರೆ ಕೇಳಬೇಕಲ್ಲ. ಹೇಳಿಕೆ ಕೊಡಲಿಕ್ಕೆ ನಡೆದೇ ಹೋಗಬೇಕಂತೆ. ಆ ಕಾಗದದಲ್ಲಿ ಇವರ ಹೆಸರೇ ಇಲ್ಲ ಅಂತ ಒಬ್ಬರು ಕೇಳಿದ್ದಕ್ಕೆ, ‘ಹೆಸರು ಯಾಕೆ, ನಾನೇ ಬಂದಿದ್ದೇನಲ್ಲ’ ಅಂತ ಹೇಳಿದ್ರು.”

ಅಣ್ಣ ನೆಲ ನೋಡುತ್ತ ನೀರು ಕುಡಿದ. ಧ್ವನಿ ಕೇಳಿ ತೃಷಾ ಒಳಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಮದುವೆಯ ಹೆಣ್ಣು ಎನ್ನುವುದನ್ನು ಮರೆತು ಸಣ್ಣ ಮಗುವಿನ ಹಾಗೆ ಬಲಗೈಯನ್ನು ಮುಂದಕ್ಕೆ ಚಾಚಿದಳು.

“ಮಾವ, ಇದನ್ನು ಯಾರು ಹಿಡಿಯುವುದು?”

“ಮತ್ತೆ ಯಾರು?” ಎಂದ ಅಣ್ಣ. “ಬೇರೆ ಯಾರಾದರೂ ಹಿಡಿದರೆ ನಾನು ಬಿಡ್ತೇನಾ?”

ತೃಷಾ ಅವನ ಹತ್ತಿರ ಕೂತು ಹೆಗಲಿಗೆ ಮುಖವಿಟ್ಟು ಅತ್ತಳು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇನ್ನು ಅನ್ನಕ್ಕೆ ಇಡುವ ಎಂದು ಏಳುವಷ್ಟರಲ್ಲಿ ಅಣ್ಣ ಎದ್ದು ನಿಂತ. ಜೋಳಿಗೆಯಿಂದ ಒಂದು ಕಾರ್ಡು ತೆಗೆದ. ಕಟ್ಟಿನಲ್ಲಿ ಉಳಿದ ಕೊನೆಯದ್ದು. ಶಾಲು ಸರಿಮಾಡಿಕೊಂಡು ನನ್ನ ಗಂಡನ ಎದುರು ಹೋಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದ.

“ಮಾಸ್ಟ್ರೇ, ನಮ್ಮ ಮನೆಯ ಹುಡುಗಿ ತೃಷಾಳ ಮದುವೆ. ನೀವು ಬಂದು ನಡೆಸಿಕೊಡಬೇಕು.”

ನನ್ನ ರಕ್ತ ತಲೆಗೇರಿತು. ಹೆತ್ತ ಅಪ್ಪನಿಗೆ ಮಗಳ ಮದುವೆಗೆ ಹೇಳಿಕೆಯಾ! ಅದೂ ಅವರೇ ವಾರಗಟ್ಟಲೆ ಕೂತು ಬರೆದ ಕಾರ್ಡಿನಲ್ಲಿ! ನಾವು ಗೊತ್ತಿಲ್ಲದೆ ಮಾಡಿದ್ದನ್ನು ಇವನು ಗೊತ್ತಿದ್ದು ಮಾಡುತ್ತಿದ್ದ. “ಅಣ್ಣ, ಇದು ಸ್ವಲ್ಪ ಹೆಚ್ಚಾಯ್ತು,” ಎಂದು ಬಾಯಿ ತೆರೆದೆ.

ನನ್ನ ಗಂಡ ಕೈಯೆತ್ತಿ ನನ್ನನ್ನು ತಡೆದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಅವರ ಕಣ್ಣು ತುಂಬಿತ್ತು. ಈಗ ಒಂದು ಜೋಡಿ ಬರುತ್ತದೆ, ಎಲ್ಲ ಮತ್ತೆ ಹಾಳಾಗುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಅವರು ಬಾಗಿ, ಎರಡೂ ಕೈ ಚಾಚಿ ಆ ಕಾರ್ಡನ್ನು ತೆಗೆದುಕೊಂಡು ಎದೆಗೆ ಹಿಡಿದುಕೊಂಡರು. 

“ಎಷ್ಟು ಗಂಟೆಗೆ ಬರಬೇಕು ಬಾವ?” ಎಂದು ಕೇಳಿದರು.

ಅಣ್ಣ ಈ ಉತ್ತರಕ್ಕೆ ತಯಾರಾಗಿ ಬಂದಿರಲಿಲ್ಲ. ಅವನ ಮುಖದ ಬಿಗಿ ಸಡಿಲಾಯಿತು. ತೃಷಾಳನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಮೆಲ್ಲಗೆ ನನ್ನ ಗಂಡನ ಮುಂಗೈ ಹಿಡಿದುಕೊಂಡ.

“ನೀವು ಬೇಗ ಬನ್ನಿ ಮಾಸ್ಟ್ರೇ,” ಎಂದ. “ನನಗೆ ಒಬ್ಬನಿಗೆ ಆಗ್ಲಿಕ್ಕಿಲ್ಲ.”